ನೆರವು ಸಿದ್ಧ, ಮೊಹರು ಬಾಕಿ

ಅಮೆರಿಕ, ಕೆನಡಾ ಮತ್ತು ಯುರೋಪಿನ ಹಲವು ದೇಶಗಳ ಸೇನಾ ಮಿತ್ರಕೂಟವಾದ ನ್ಯಾಟೋದ 1949ರ ಒಪ್ಪಂದದ ಐದನೆಯ ವಿಧಿಯನ್ನು ಬಹಳ ಜನ ಅರ್ಧಕ್ಕೇ ಓದಿ ನಿಲ್ಲಿಸುತ್ತಾರೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂಬಲ್ಲಿಗೆ ಎದೆಯುಬ್ಬುತ್ತದೆ, ಪುಸ್ತಕ ಮುಚ್ಚುತ್ತದೆ. ಆಮೇಲಿನ ಮಾತು ಬೇರೆ: ಪ್ರತಿ ದೇಶವೂ ತನಗೆ ಅಗತ್ಯವೆನಿಸಿದ ಕ್ರಮ ಕೈಗೊಳ್ಳುತ್ತದೆ. ಸೇನೆ ಕಳಿಸುವುದೂ ಕ್ರಮವೇ, ಖಂಡನಾ ಹೇಳಿಕೆ ಹೊರಡಿಸುವುದೂ ಕ್ರಮವೇ.

ಉಕ್ರೇನಿಗೆ ಈ ಅರ್ಧ ವಾಕ್ಯದ ಭಾಗ್ಯವೂ ಇಲ್ಲ, ಅದು ಕೂಟದ ಸದಸ್ಯನಲ್ಲ. ಆದರೂ 2022ರ ಜನವರಿಯಲ್ಲಿ, ರಷ್ಯಾದ ಪಡೆಗಳು ಅದರ ಗಡಿಯಲ್ಲಿ ಜಮಾಯಿಸಿದ್ದಾಗ, ಪುಟ್ಟ ಎಸ್ಟೋನಿಯಾ ತನ್ನ ಕೆಲವು ಹಳೆಯ ತೋಪುಗಳನ್ನು ಕೊಡಲು ಮುಂದಾಯಿತು. 122 ಮಿ.ಮೀ. ವ್ಯಾಸದ ಡಿ-30 ತೋಪುಗಳು. ಅವುಗಳ ಜಾತಕ ಕೇಳಬೇಕು. ವಿನ್ಯಾಸ ಸೋವಿಯತ್ ಒಕ್ಕೂಟದ್ದು, ಸೇವೆ ಪೂರ್ವ ಜರ್ಮನಿಯಲ್ಲಿ. ಎರಡು ಜರ್ಮನಿಗಳು ಒಂದಾದ ಮೇಲೆ ಫಿನ್‌ಲೆಂಡಿಗೆ ಮಾರಾಟ, ಅಲ್ಲಿಂದ ಎಸ್ಟೋನಿಯಾಕ್ಕೆ. ವಿನ್ಯಾಸ ಮಾಡಿದ ದೇಶ ಇಲ್ಲ, ಮೊದಲು ಬಳಸಿದ ದೇಶವೂ ಇಲ್ಲ. ಮೂರನೆಯವರಿಗೆ ಕೊಡುವ ಮುನ್ನ ಜರ್ಮನಿಯನ್ನು ಕೇಳತಕ್ಕದ್ದು ಎಂಬ ಷರತ್ತು ಮಾತ್ರ ಚಿರಂಜೀವಿ. ಎಸ್ಟೋನಿಯಾ ಕೇಳಿತು. ಜರ್ಮನಿ ಯೋಚಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಪೂಜಾರಿ ಸುಮ್ಮನೆ ಕೂತಿದ್ದ ಎನ್ನುವಂತಿಲ್ಲ. ಅದೇ ತಿಂಗಳು ಜರ್ಮನಿ ತನ್ನ ಕಡೆಯಿಂದ 5,000 ಹೆಲ್ಮೆಟ್‌ಗಳನ್ನು ಘೋಷಿಸಿತು. ಮುಂದೆ ಏನು ಕಳಿಸುತ್ತೀರಿ, ದಿಂಬುಗಳನ್ನೇ ಎಂದು ಕೀವ್‌ನ ಮೇಯರ್ ವಿಟಾಲಿ ಕ್ಲಿಚ್ಕೊ ಕೇಳಿದರು. ತೋಪಿನ ಕಡತಕ್ಕೆ ಕೊನೆಗೂ ಒಪ್ಪಿಗೆ ಸಿಕ್ಕಿದ್ದು ಫೆಬ್ರವರಿ 26ರಂದು. ರಷ್ಯಾ ನುಗ್ಗಿದ್ದು 24ರಂದು. ಸರ್ಕಾರಿ ಲೆಕ್ಕದಲ್ಲಿ ಎರಡು ದಿನ ವಿಳಂಬವೇ ಅಲ್ಲ.

ಸ್ವಿಟ್ಜರ್‌ಲೆಂಡ್ ಯಾರ ಮಿತ್ರಕೂಟದಲ್ಲೂ ಇಲ್ಲ, ಆದರೆ ಅದರ ಗುಂಡುಗಳು ಮಿತ್ರರ ಉಗ್ರಾಣದಲ್ಲಿವೆ. ಗೆಪಾರ್ಡ್ ಎಂಬ ವಿಮಾನ ನಿರೋಧಕ ವಾಹನವನ್ನು ಜರ್ಮನಿ ಉಕ್ರೇನಿಗೆ ಕೊಟ್ಟಿತು. ಅದಕ್ಕೆ ಬೇಕಾದ 35 ಮಿ.ಮೀ. ಗುಂಡುಗಳನ್ನು ಕೊಡಹೊರಟರೆ, ಹಿಂದೆ ಮಾರಾಟಕ್ಕೆ ಅನುಮತಿ ಕೊಟ್ಟಿದ್ದ ಸ್ವಿಸ್ ಸರ್ಕಾರ ತಟಸ್ಥ ನೀತಿಯ ಹೆಸರಿನಲ್ಲಿ ತಡೆಯಿತು. ಗುಂಡು ಮಾರಿದಾಗ ಕೆಡದ ತಾಟಸ್ಥ್ಯ ಅದನ್ನು ಡ್ರೋನ್ ಮೇಲೆ ಹಾರಿಸಿದರೆ ಕೆಡುತ್ತದೆಯಂತೆ. ಈ ವೇದಾಂತ ನನ್ನ ಬುದ್ಧಿಗೆ ನಿಲುಕುವುದಿಲ್ಲ. ಜರ್ಮನಿಗೂ ನಿಲುಕಲಿಲ್ಲವೆಂದು ಕಾಣುತ್ತದೆ. ರೈನ್‌ಮೆಟಲ್ ಕಂಪನಿ ಆ ಗುಂಡುಗಳನ್ನು ಜರ್ಮನಿಯಲ್ಲೇ ತಯಾರಿಸತೊಡಗಿತು. ಅಷ್ಟರಲ್ಲಿ ಅದೇ ಜರ್ಮನಿ ಪೂಜಾರಿಯ ಪೀಠಕ್ಕೆ ಮರಳಿತ್ತು. 2023ರ ಜನವರಿಯಲ್ಲಿ ಅದು ಹೂಂ ಎನ್ನುವ ತನಕ ಪೋಲೆಂಡ್ ತನ್ನ ಬಳಿಯಿದ್ದ, ಜರ್ಮನಿಯಲ್ಲಿ ತಯಾರಾದ ಲೆಪರ್ಡ್ ಟ್ಯಾಂಕ್‌ಗಳನ್ನು ದಾಟಿಸಲು ಕಾಯಬೇಕಾಯಿತು.

ಒಪ್ಪಿಗೆ ಸಿಕ್ಕಿತು ಎನ್ನಿ. ಟ್ಯಾಂಕು ರಸ್ತೆಗಿಳಿಯಬೇಕಲ್ಲ? 2022ರಲ್ಲಿ ಫ್ರಾನ್ಸ್ ತನ್ನ ಲೆಕ್ಲೆರ್ ಟ್ಯಾಂಕ್‌ಗಳನ್ನು ನ್ಯಾಟೋ ಮಿತ್ರ ರೊಮೇನಿಯಾದ ರಕ್ಷಣೆಗೆ ಕಳಿಸುವಾಗ ಜರ್ಮನಿಯ ರಸ್ತೆ ನಿಯಮ ಅಡ್ಡ ಬಂತು. ಐವತ್ತು ಟನ್ ಮೀರುವ ಟ್ಯಾಂಕನ್ನು ಹೊತ್ತ ಟ್ರೇಲರ್‌ನ ಒಂದೊಂದು ಆಕ್ಸೆಲ್ ಮೇಲೂ ಬೀಳುವ ಭಾರ ಮಿತಿ ಮೀರಿತ್ತು. ಟ್ಯಾಂಕ್‌ಗಳು ರೈಲು ಹತ್ತಿದವು. ಯುದ್ಧಕ್ಕೆ ಹೊರಟ ಯಂತ್ರವನ್ನು ತೂಕ ಹೆಚ್ಚಾಯಿತೆಂದು ತಡೆಯುವ ಆಡಳಿತದ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಆಕ್ರಮಣಕಾರನ ಟ್ಯಾಂಕ್‌ಗಳಿಗೂ ಇದೇ ನಿಯಮ ಅನ್ವಯವಾಗಲಿ, ಗಡಿಯಲ್ಲೇ ದಂಡದ ಚೀಟಿ ಹರಿಯಲಿ.

ಯುರೋಪಿಯನ್ ಒಕ್ಕೂಟದ ಲೆಕ್ಕ ಪರಿಶೋಧಕರು 2025ರ ಫೆಬ್ರವರಿಯಲ್ಲಿ ಸೇನಾ ಸಾಗಾಟದ ಇಂಥ ಅಡ್ಡಿಗಳನ್ನು ತಪಾಸಣೆ ಮಾಡಿದ ವರದಿ ಕೊಟ್ಟರು. ಒಂದು ಸದಸ್ಯ ದೇಶವಂತೂ ಸೇನಾ ವಾಹನ ಗಡಿ ದಾಟಲು 45 ದಿನ ಮುಂಚಿತವಾಗಿ ತಿಳಿಸಬೇಕೆನ್ನುತ್ತದೆ. ದಾಳಿಕೋರರೂ ಸ್ವಲ್ಪ ಸೌಜನ್ಯ ತೋರಿ ಒಂದೂವರೆ ತಿಂಗಳು ಮೊದಲೇ ಪತ್ರ ಬರೆದರೆ ಯಾರಿಗೂ ತೊಂದರೆಯಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಯುರೋಪಿಯನ್ ಆಯೋಗ ಪರಿಹಾರವನ್ನೂ ಮುಂದಿಟ್ಟಿತು: ಶಾಂತಿಕಾಲದಲ್ಲಿ ಮೂರು ದಿನದೊಳಗೆ ಅನುಮತಿ, ತುರ್ತಿನಲ್ಲಿ ಆರು ಗಂಟೆ. ಆದರೆ ಈ ಆರು ಗಂಟೆಯ ಗಡುವು ಆ ಪ್ರಸ್ತಾವಕ್ಕೇ ಅನ್ವಯಿಸಲಿಲ್ಲ. ಅದು ಮೊದಲು ಯುರೋಪಿಯನ್ ಸಂಸತ್ತನ್ನೂ ಸಚಿವರ ಮಂಡಳಿಯನ್ನೂ ದಾಟಬೇಕಿತ್ತು.