ಟೆಸ್ಟ್‌ಗೆ ಮುಂಚೆಯೇ ಅಂಟಿದ ಹಸಿರು ಸ್ಟಿಕ್ಕರ್

ನಿನ್ನೆ ಹೂಟಗಳ್ಳಿ ಕಡೆ ಒಂದು ಸಣ್ಣ ಯೂನಿಟ್‌ಗೆ ಹೋಗಿದ್ದೆ. ಹಳೇ ಗೆಳೆಯನ ಮಗ ನಡೆಸುವುದು. "ಅಂಕಲ್, ಆನೆಗೆ ಹಾಕೋ ರೇಡಿಯೋ ಕಾಲರ್ ಮಾಡ್ತಿದ್ದೀವಿ, ಮೊದಲನೇ ಬ್ಯಾಚ್, ನೀವು ಬರಲೇಬೇಕು" ಅಂತ ಕರೆದಿದ್ದ. ಆನೆ ಎಲ್ಲಿದೆ ಅಂತ ಸಿಗ್ನಲ್ ಕಳಿಸುವ ಕುತ್ತಿಗೆ ಪಟ್ಟಿ ಅದು. ಖುಷಿಯಿಂದಲೇ ಹೋದೆ. ಬಾಗಿಲಿಗೆ ಮಾವಿನ ತೋರಣ, ತಟ್ಟೆ ತುಂಬ ಮೈಸೂರ್ ಪಾಕ್. ಮೇಜಿನ ಮೇಲೆ ಸಾಲಾಗಿ ಹನ್ನೆರಡು ಕಾಲರ್. ಹನ್ನೆರಡಕ್ಕೂ ಹಸಿರು ಸ್ಟಿಕ್ಕರ್: ಕ್ಯೂಸಿ ಪಾಸ್, ಅಂದರೆ ಗುಣಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆ.

ಅದರಲ್ಲಿ ಒಂಬತ್ತಕ್ಕೆ ಇನ್ನೂ ಬ್ಯಾಟರಿಯನ್ನೇ ಹಾಕಿರಲಿಲ್ಲ.

"ಇದೇನಪ್ಪಾ?" ಅಂದೆ. "ಡಿಸ್ಪ್ಯಾಚ್ ಟೈಮಲ್ಲಿ ಗಡಿಬಿಡಿ ಆಗತ್ತೆ ಅಂಕಲ್, ಹುಡುಗೀರು ಮೊದಲೇ ಅಂಟಿಸಿಬಿಡ್ತಾರೆ. ಹನ್ನೆರಡರಲ್ಲಿ ಎರಡು ಟೆಸ್ಟ್ ಮಾಡ್ತೀವಿ, ಸ್ಯಾಂಪ್ಲಿಂಗು" ಅಂದ. ಬಾಯಲ್ಲಿದ್ದ ಮೈಸೂರ್ ಪಾಕ್ ಗಂಟಲಿಗೆ ಇಳಿಯಲಿಲ್ಲ. (ಅದೂ ಕಲ್ಲಿನ ಹಾಗಿತ್ತು. ಅದಕ್ಕೂ ಹಸಿರು ಸ್ಟಿಕ್ಕರ್ ಅಂಟಿಸಿದ್ದರೋ ಏನೋ.)

ನನ್ನ ಚಾಳಿ ನಿಮಗೆಲ್ಲ ಗೊತ್ತಲ್ಲ. ಮೂವತ್ತೊಂದು ವರ್ಷ ಇನ್ಸ್‌ಪೆಕ್ಷನ್ ಟೇಬಲ್ ಮುಂದೆ ಕೂತವನು. ಮದುವೆ ಮನೆಯಲ್ಲೂ ಕುರ್ಚಿ ಅಲ್ಲಾಡಿಸಿ ನೋಡಿಯೇ ಕೂರುವುದು. ಸ್ಯಾಂಪ್ಲಿಂಗ್ ಬೇಡ ಅನ್ನುವವನಲ್ಲ ನಾನು. ಸ್ವಿಚ್ಚು, ಬಲ್ಬ್ ಹೋಲ್ಡರ್ ಲಕ್ಷಗಟ್ಟಲೆ ಬರುತ್ತವೆ, ಎಲ್ಲ ನೋಡಲು ಆಗುವುದಿಲ್ಲ. ಒಂದು ಕೆಟ್ಟರೆ ಅಂಗಡಿಯವನು ಬೈದುಕೊಂಡು ಇನ್ನೊಂದು ಕೊಡುತ್ತಾನೆ. ಆದರೆ ಇಲ್ಲಿರುವುದು ಹನ್ನೆರಡು. ದೇವರಾಜ ಮಾರ್ಕೆಟ್‌ನಲ್ಲಿ ಹನ್ನೆರಡು ತೆಂಗಿನಕಾಯಿ ಕೊಂಡರೆ ಹನ್ನೆರಡನ್ನೂ ತಟ್ಟಿ ನೋಡುತ್ತೇವಲ್ವಾ? ಎರಡು ತಟ್ಟಿ ಹತ್ತನ್ನು ಪಾಸ್ ಮಾಡಿದರೆ ಮನೆಯಲ್ಲಿ ಊಟ ಹಾಕ್ತಾರಾ?

ಕಾಯಿಯನ್ನಾದರೂ ವಾಪಸ್ ಕೊಡಬಹುದು. ಕಾಡಾನೆ ಕುತ್ತಿಗೆಗೆ ಕಟ್ಟಿದ ಮೇಲೆ ವಾಪಸ್ ಎಲ್ಲಿಂದ? ಒಂದು ಕಾಲರ್ ಹಾಕಬೇಕೆಂದರೆ ಆನೆಯನ್ನು ಹುಡುಕಬೇಕು, ಸಾಕಾನೆಗಳು ಬರಬೇಕು, ಮಾವುತರು ಕಾವಾಡಿಗಳು ಬರಬೇಕು, ಡಾಕ್ಟರು ಡಾರ್ಟ್ ಹೊಡೆಯಬೇಕು. ಅಷ್ಟು ದೊಡ್ಡ ಪ್ರಾಣಿಯನ್ನು ಅರಿವಳಿಕೆಯಲ್ಲಿ ಇಡುವುದು ಆಟ ಅಲ್ಲ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತ ನಮ್ಮ ಅರ್ಜುನ ಸತ್ತದ್ದು ಎಲ್ಲಿ? 2023ರ ಡಿಸೆಂಬರ್ 4ರಂದು, ಸಕಲೇಶಪುರದ ಯಸಳೂರು ಕಡೆ, ಕಾಡಾನೆ ಹಿಡಿದು ಕಾಲರ್ ಹಾಕುವ ಕಾರ್ಯಾಚರಣೆಯಲ್ಲೇ. ಆ ದಿನ ಟಿವಿ ಮುಂದೆ ನಮ್ಮನೆಯವಳು ಅತ್ತದ್ದು ನನಗೆ ನೆನಪಿದೆ. ನಾನೂ ಅತ್ತೆ, ಬಿಡಿ.

ಅಷ್ಟೆಲ್ಲ ಮಾಡಿ ಕಟ್ಟಿದ ಕಾಲರ್ ಹದಿನೈದನೇ ದಿನಕ್ಕೆ ಬಾಯಿ ಮುಚ್ಚಿಕೊಂಡರೆ? ಇನ್ನೊಂದು ಸಲ ಡಾರ್ಟು, ಇನ್ನೊಂದು ಸಲ ಸಾಕಾನೆ. ಸ್ಟಿಕ್ಕರ್ ಮಾತ್ರ ಹಸಿರಾಗಿಯೇ ಇರುತ್ತದೆ.

"ಬ್ಯಾಟರಿ ಹೊಸದು ಅಂಕಲ್, ಮೀಟರಲ್ಲಿ ನೋಡಿದೀವಿ, 3.6 ವೋಲ್ಟ್ ಇದೆ" ಅಂದ. ಇರುತ್ತೆ ಕಣಪ್ಪಾ! ಅದು ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್. ತಿಂಗಳುಗಟ್ಟಲೆ ಗೋಡೌನಲ್ಲಿ ಸುಮ್ನೆ ಕೂತರೆ ಒಳಗೆ ಲಿಥಿಯಂ ಮೇಲೆ ಒಂದು ಪದರ ಕಟ್ಟಿಕೊಳ್ಳುತ್ತದೆ. ಬರೀ ಮೀಟರ್ ಹಿಡಿದರೆ ವೋಲ್ಟೇಜ್ ಚೆನ್ನಾಗಿಯೇ ತೋರಿಸುತ್ತದೆ. ಮೋಡೆಮ್ ಸಿಗ್ನಲ್ ಕಳಿಸಲು ಒಮ್ಮೆಲೇ ಕರೆಂಟ್ ಎಳೆಯಿತೋ, ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ಲೋಡ್ ಕೊಟ್ಟು ನೋಡಬೇಕು, ಪ್ರತಿ ಸೆಲ್ಲನ್ನೂ.

ನೀರಿನ ಕಥೆ ಕೇಳಿದೆ. "ಐಪಿ 67 ಡಬ್ಬಿ ಅಂಕಲ್" ಅಂತ ಎದೆಯುಬ್ಬಿಸಿದ. ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಕಬಿನಿ ಹಿನ್ನೀರಿಗೆ ಇಳಿದ ಆನೆ ಗಡಿಯಾರ ನೋಡಿಕೊಂಡು ಮೇಲೆ ಬರುತ್ತಾ? ಅದೂ ಅಲ್ಲದೆ ಆ ನಂಬರ್ ಖಾಲಿ ಡಬ್ಬಿಗೆ ಕೊಟ್ಟದ್ದು. ಇವರು ಆಂಟೆನಾ ವೈರ್‌ಗೆ ತೂತು ಕೊರೆದು ಎಪಾಕ್ಸಿ ಅಂಟು ಸುರಿದಿದ್ದಾರೆ. ಬೆಳಕಿಗೆ ಹಿಡಿದು ನೋಡಿದೆ, ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆ ಎರಡು ಕಂಡವು. ಹಗಲು ಬಿಸಿಲು, ರಾತ್ರಿ ಚಳಿ, ಮೇಲೆ ಕೆಸರಿನ ಸ್ನಾನ, ಮರಕ್ಕೆ ಕುತ್ತಿಗೆ ಉಜ್ಜುವುದು. ಆ ಗುಳ್ಳೆಯಿಂದಲೇ ಬಿರುಕು, ಬಿರುಕಿನಿಂದಲೇ ನೀರು.

ಬೆಲ್ಟ್ ಅಂಚನ್ನು ಬೆರಳಲ್ಲಿ ಸವರಿದೆ. ಗರಗಸದ ಹಾಗಿತ್ತು. "ಆನೆ ಚರ್ಮ ದಪ್ಪ ಅಲ್ವಾ ಅಂಕಲ್" ಅಂದ! 2023ರ ಜುಲೈನಲ್ಲಿ ಮಧ್ಯಪ್ರದೇಶದ ಕುನೋ ಕಾಡಿನಲ್ಲಿ ಚೀತಾಗಳ ಕಾಲರ್ ಕೆಳಗೆ ಗಾಯ, ಹುಳ ಕಂಡು ಕಾಲರ್‌ಗಳನ್ನು ಬಿಚ್ಚಬೇಕಾಯಿತು. ಚೀತಾ ಬೇರೆ, ಆನೆ ಬೇರೆ, ಒಪ್ಪುತ್ತೇನೆ. ಆದರೂ ಅಂಚಿಗೆ ಒಂದು ಸಲ ಉಪ್ಪುಕಾಗದ ಹಿಡಿಯಲು ಏನು ರೋಗ?

ಅವನ ವಾದವನ್ನೂ ಹೇಳಿಬಿಡುತ್ತೇನೆ, ಆಮೇಲೆ ಏಕಪಕ್ಷೀಯ ಅನ್ನಬೇಡಿ. ಹೊರದೇಶದ ಕಾಲರ್ ತುಂಬಾ ದುಬಾರಿ, ನಾವು ಕಡಿಮೆಗೆ ಕೊಟ್ಟರೇನೇ ಆರ್ಡರ್, ಎಲ್ಲ ಟೆಸ್ಟ್ ಮಾಡುತ್ತಾ ಕೂತರೆ ಬ್ಯಾಟರಿಯೂ ತಿನ್ನುತ್ತೆ, ದುಡ್ಡೂ ತಿನ್ನುತ್ತೆ. ಆಯ್ತಪ್ಪಾ. ಬೋರ್ಡನ್ನು ಹೊರಗಿನ ಸಪ್ಲೈ ಕೊಟ್ಟು ಒಂದು ವಾರ ಓಡಿಸು, ಬ್ಯಾಟರಿ ಮುಟ್ಟಬೇಡ. ಮುಚ್ಚಿದ ಮೇಲೆ ಒಂದು ರಾತ್ರಿ ಡ್ರಮ್ ನೀರಲ್ಲಿ ಮುಳುಗಿಸಿಡು. ಮಾರನೇ ದಿನ ತಾರಸಿ ಮೇಲಿಟ್ಟು ಜಿಪಿಎಸ್ ಹಿಡಿಯುತ್ತಾ ನೋಡು. ಡ್ರಮ್ ನೀರಿಗೂ ತಾರಸಿಗೂ ಟೆಂಡರ್ ಕರೀಬೇಕಾ? ತೋರಣಕ್ಕೆ ದುಡ್ಡಿತ್ತಲ್ಲ.

2024ರ ಫೆಬ್ರವರಿಯಲ್ಲಿ, ನಮ್ಮ ಕರ್ನಾಟಕದ ಅರಣ್ಯ ಇಲಾಖೆಯವರು ಕಾಲರ್ ಹಾಕಿ ಬಿಟ್ಟಿದ್ದ ಆನೆ ಕೇರಳದ ಮಾನಂದವಾಡಿಗೆ ಹೋಗಿ ಒಬ್ಬರನ್ನು ಕೊಂದಿತು. ಆ ಕಾಲರ್ ಕೆಟ್ಟಿತ್ತು ಅಂತ ನಾನು ಹೇಳುತ್ತಿಲ್ಲ. ಸಿಗ್ನಲ್ ವಿಚಾರಕ್ಕೆ ಎರಡು ರಾಜ್ಯಗಳ ನಡುವೆ ಜಗಳವೇ ಆಯಿತು. ಕಾಲರ್ ಕಟ್ಟಿದ ಆನೆ ಎಲ್ಲಿದೆ ಅಂತ ಯಾರೋ ನೋಡುತ್ತಿದ್ದಾರೆ ಅಂದುಕೊಂಡೇ ಕಾಡಂಚಿನ ಜನ ಬೆಳಿಗ್ಗೆ ಬಾಗಿಲು ತೆಗೆಯುವುದು.

ಇಷ್ಟು ಸಿಟ್ಟು ಯಾಕೆ ಅಂತ ನಮ್ಮನೆಯವಳು ಕೇಳಿದಳು. ಅವಳಿಗೂ ಹೇಳಿರದ ಒಂದು ವಿಷಯ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಯುಧಪೂಜೆಯ ಹಿಂದಿನ ಸಂಜೆ, ಅರವತ್ತು ಮೀಟರ್‌ಗಳ ಟೆಸ್ಟ್ ಶೀಟ್‌ಗೆ ಒಂದನ್ನೂ ಮುಟ್ಟದೆ ಸಹಿ ಹಾಕಿದ್ದೆ. ಊರಿಗೆ ಬಸ್ ಹಿಡಿಯಬೇಕಿತ್ತು. ತಿಂಗಳೊಳಗೆ ಹನ್ನೊಂದು ವಾಪಸ್ ಬಂದವು. ಬೈಗುಳ ತಿಂದದ್ದು ಪ್ಯಾಕಿಂಗ್ ಹುಡುಗ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಅದಕ್ಕೇ ನಿನ್ನೆ ಹೊರಡುವಾಗ ಆ ಸ್ಟಿಕ್ಕರ್ ರೋಲನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು ಬಂದೆ. ರಾತ್ರಿಯಿಂದ ಹುಡುಗ ಮೂರು ಸಲ ಫೋನ್ ಮಾಡಿದ್ದಾನೆ, ನಾನು ಎತ್ತಿಲ್ಲ. ಈ ಪೋಸ್ಟ್ ಓದುತ್ತಾನೆ ಅಂತ ಗೊತ್ತು. ನೋಡಪ್ಪಾ, ರೋಲ್ ನಮ್ಮನೆಯ ಶೋಕೇಸ್ ಮೇಲಿದೆ. ಒಂದು ಕಾಲರ್‌ಗೆ ಒಂದು ಟೆಸ್ಟ್ ಶೀಟ್ ತಾ, ಒಂದು ಸ್ಟಿಕ್ಕರ್ ಕಿತ್ತು ಕೊಡುತ್ತೇನೆ. ಕಾಫಿಯೂ ಸಿಗುತ್ತದೆ. ಮೈಸೂರ್ ಪಾಕ್ ಮಾತ್ರ ತರಬೇಡ.