ಗ್ರಾಮೀಣ ಅನುಭವಕ್ಕೆ ಶೇಕಡಾ 10

ಮೈಸೂರಿನ ವರ್ತುಲ ರಸ್ತೆಯ ಅಂಚಿನಲ್ಲಿ ಹೊಸದಾಗಿ ಒಂದು ಹಳ್ಳಿ ಪ್ರಾರಂಭವಾಗಿದೆ. ಬೆಳಿಗ್ಗೆ ಹನ್ನೊಂದಕ್ಕೆ ತೆರೆಯುತ್ತದೆ, ರಾತ್ರಿ ಹನ್ನೊಂದಕ್ಕೆ ಮುಚ್ಚುತ್ತದೆ. ಬಾಗಿಲಲ್ಲಿ ಮೈಸೂರು ಪೇಟ ತೊಟ್ಟ ಕಾವಲುಗಾರ, ಗೋಡೆಗೆ ನೇತುಹಾಕಿದ ಗಾಡಿ ಚಕ್ರ, ಗಾಜಿನ ಪೆಟ್ಟಿಗೆಯೊಳಗೆ ರಾಗಿ ಬೀಸುವ ಕಲ್ಲು, ಒರಳಿನ ನೀರಿನಲ್ಲಿ ತೇಲುವ ಸೇವಂತಿಗೆ, ಸಗಣಿ ಸಾರಿಸಿದಂತೆ ಕಾಣುವ ಟೈಲ್ಸ್. ಇದು ಹೋಟೆಲ್ ಎಂಬುದು ಖಾತ್ರಿಯಾಗುವುದು ಬಿಲ್ ಬಂದಾಗಲೇ.

ಕಳೆದ ಭಾನುವಾರ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮಂಡ್ಯದ ಪಕ್ಕದ ಹಳ್ಳಿಯಲ್ಲಿ ಎಪ್ಪತ್ತೆರಡು ವರ್ಷ ಬಾಳಿದವಳು. ದುಡ್ಡು ಕೊಟ್ಟು ಮುದ್ದೆ ತಿನ್ನುವವರು ಹೇಗಿರುತ್ತಾರೆ ಎಂದು ನೋಡುವ ಆಸೆ ಅವಳದು. ಒಳಗೆ ಕಾಲಿಟ್ಟವಳೇ ಚಕ್ರವನ್ನು ನೋಡಿ, "ಪಾಪ, ಯಾರದೋ ಗಾಡಿ ಹರಾಜಾಗಿದೆ" ಎಂದಳು.

ನಾನು ಚಿಕ್ಕವನಾಗಿದ್ದಾಗ ನೆಂಟರು ಬಂದರೆ ಮುದ್ದೆಯನ್ನು ಬಚ್ಚಿಟ್ಟು ಅನ್ನ ಬಡಿಸುತ್ತಿದ್ದರು. 2023 ಅನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಘೋಷಿಸಿದ್ದೇ ತಡ, ರಾಗಿಗೆ ಕುಲಗೋತ್ರ ಬಂತು. ಗೋತ್ರ ಬಂದ ಮೇಲೆ ಗಾತ್ರ ಹೋಯಿತು. ಅದೇ ವರ್ಷದ ಮಾರ್ಚ್‌ನಲ್ಲಿ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯೂ ಆಯಿತು. ಮೂರು ಗಂಟೆಯ ದಾರಿ ಎಪ್ಪತ್ತೈದು ನಿಮಿಷಕ್ಕೆ ಇಳಿಯುತ್ತದೆ ಎಂದರು. ಈ ಹೋಟೆಲಿನಲ್ಲಿ ಅಡುಗೆಮನೆಯಿಂದ ನಮ್ಮ ಮೇಜಿಗೆ ಮೂವತ್ತು ಅಡಿ. ಮುದ್ದೆ ಐವತ್ತು ನಿಮಿಷ ತೆಗೆದುಕೊಂಡಿತು. ನಡುವೆ ಎಲ್ಲೋ ಟೋಲ್ ಇದ್ದಿರಬೇಕು.

ಅವಸರದ ಅಡುಗೆ ಈ ಸೀಮೆಗೆ ಹೊಸದೇನಲ್ಲ. ಮದ್ದೂರು ವಡೆ ಹುಟ್ಟಿದ್ದೇ ರೈಲಿನ ಭಯಕ್ಕೆ. 1917ರಲ್ಲಿ ಮದ್ದೂರು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬುವರು, ಪಕೋಡ ಬಿಡುವಷ್ಟು ಹೊತ್ತಿಲ್ಲವೆಂದು ಕಲಸಿದ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಹಾಕಿದರಂತೆ. ಮೈಸೂರು ಪಾಕ್‌ಗೂ ಅಂಥದ್ದೇ ಕಥೆ ಹೇಳುತ್ತಾರೆ: ನಾಲ್ವಡಿ ಕೃಷ್ಣರಾಜ ಒಡೆಯರು ಊಟಕ್ಕೆ ಕುಳಿತಿದ್ದಾರೆ, ತಟ್ಟೆಯಲ್ಲಿ ಸಿಹಿಯ ಜಾಗ ಖಾಲಿ, ಬಾಣಸಿಗ ಕಾಕಾಸುರ ಮಾದಪ್ಪನವರ ಕೈಗೆ ಸಿಕ್ಕಿದ್ದು ಕಡಲೆಹಿಟ್ಟು, ತುಪ್ಪ, ಸಕ್ಕರೆ. ಏನು ಮಾಡುವುದು, ಈ ಹೋಟೆಲಿನ ಮುಂದೆ ರೈಲು ನಿಲ್ಲುವುದಿಲ್ಲ, ನಾನು ಒಡೆಯನೂ ಅಲ್ಲ.

ಕೊನೆಗೆ ಊಟ ಬಂತು. ಸ್ಟೀಲ್ ತಟ್ಟೆಯ ಮೇಲೆ ಬಾಳೆ ಎಲೆಯ ಚಿತ್ರ ಮುದ್ರಿಸಿದ ಕಾಗದ, ಅದರ ನಡುವೆ ನಿಂಬೆಹಣ್ಣಿಗಿಂತ ತುಸು ದೊಡ್ಡ ಮುದ್ದೆ. ಜೊತೆಗೆ ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡು: "ಮುದ್ದೆಯನ್ನು ಅಗಿಯಬೇಡಿ. ಸಾರಿನಲ್ಲಿ ಅದ್ದಿ ನುಂಗಿ." ಬಡಿಸುವ ಹುಡುಗ ಅದನ್ನು ಅವ್ವನ ಮುಂದಿಟ್ಟು ಹೇಗೆ ನುಂಗಬೇಕೆಂದು ವಿನಯದಿಂದ ವಿವರಿಸಿದ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಮಗು, ಇದು ಮಾದರಿಯಾ? ದೊಡ್ಡದು ಆಮೇಲೆ ಬರುತ್ತದಾ?" ಎಂದು ಕೇಳಿದಳು.

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂದು ಹಿರಿಯರ ಮಾತು. ಈ ಹಿಟ್ಟು ತಿಂದವನಿಗೆ ಮೇಜಿನ ಕುರ್ಚಿ ಹಿಂದಕ್ಕೆ ಸರಿಸುವುದೂ ಕಷ್ಟ. ಎಸರು ಚೆನ್ನಾಗಿ ಕುದಿಯಬೇಕು, ಹಿಟ್ಟು ಅದರಲ್ಲೇ ಬೇಯಬೇಕು, ಗಂಟು ಉಳಿಯದಂತೆ ಕೋಲಿನಲ್ಲಿ ತೊಳಸಿ, ಬಿಸಿ ಆರುವ ಮೊದಲು ಒದ್ದೆ ಕೈಯಲ್ಲಿ ಕಟ್ಟಬೇಕು. ಅದಕ್ಕೆ ಬೇಕಾದದ್ದು ತೋಳಿನ ಬಲ, ಗೋಡೆಯ ಗಾಡಿ ಚಕ್ರವಲ್ಲ. ನಮ್ಮ ತಟ್ಟೆಯ ಮುದ್ದೆಗೆ ಮೇಲೆ ಸಿಪ್ಪೆ ಕಟ್ಟಿತ್ತು. ಮುರಿದರೆ ಒಳಗೆ ಹಸಿ ಹಿಟ್ಟಿನ ಪುಡಿ. ಬಸ್ಸಾರಿನ ವಿಷಯ ಹೇಳದಿರುವುದೇ ಒಳ್ಳೆಯದು. ಮಂಡ್ಯ ಸಕ್ಕರೆ ನಾಡು ಎಂಬ ಅಭಿಮಾನವನ್ನೆಲ್ಲ ಅಡುಗೆಯವರು ಆ ಸಾರಿಗೇ ಸುರಿದಿದ್ದರು. ಮೆನುವಿನಲ್ಲಿ ಅದರ ಹೆಸರು "ಅಜ್ಜಿಯ ಕೈರುಚಿ". ಎದುರಿಗೆ ಕುಳಿತಿದ್ದ ಅಜ್ಜಿ ಒಂದು ತುತ್ತು ನುಂಗಿ, ನೀರು ಕುಡಿದು, ಹುಡುಗನ ಊರು ಕೇಳಿದಳು. ನಾಗಮಂಗಲದ ಕಡೆಯವನು.

"ನೀವೆಲ್ಲ ಇದನ್ನೇ ತಿನ್ನುತ್ತೀರಾ?"

ಅವನು ಅತ್ತಿತ್ತ ನೋಡಿದ. "ಇಲ್ಲ ಅಜ್ಜಿ, ರಾತ್ರಿ ರೂಮಿಗೆ ಹೋಗಿ ಮುದ್ದೆ ಮಾಡಿಕೊಳ್ಳುತ್ತೇವೆ."

ನನಗೆ ಆ ರೂಮಿನ ವಿಳಾಸ ಕೇಳಬೇಕೆನಿಸಿತು.

ಬಿಲ್ಲಿನಲ್ಲಿ ಜಿಎಸ್‌ಟಿ ಶೇಕಡಾ 5 ಇತ್ತು, ಅದಕ್ಕೆ ತಕರಾರಿಲ್ಲ. ಅದರ ಮೇಲೆ "ಗ್ರಾಮೀಣ ಅನುಭವ ಶುಲ್ಕ" ಶೇಕಡಾ 10. ವ್ಯವಸ್ಥಾಪಕರನ್ನು ಕರೆಸಿದೆ. ಹೋಟೆಲುಗಳು ತಾವಾಗಿಯೇ ಬಿಲ್ಲಿಗೆ ಸೇವಾ ಶುಲ್ಕ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ ಎಂದೆ.

"ಸರ್, ಇದು ಸೇವೆಯದಲ್ಲ, ಅನುಭವದ್ದು" ಎಂದರು.

"ಬೇರೆ ಹೆಸರಿನಲ್ಲೂ ಪಡೆಯುವಂತಿಲ್ಲ ಎಂದು ಅದೇ ಮಾರ್ಗಸೂಚಿಯಲ್ಲಿದೆಯಲ್ಲ?"

ಅವರು ಮಾಲೀಕರನ್ನು ಕೇಳಿ ಬರುವುದಾಗಿ ಹೊರಟರು. ಮುದ್ದೆ ಹೋದ ದಾರಿಯಲ್ಲೇ ಹೋದರು ಎಂದು ಕಾಣುತ್ತದೆ, ಅರ್ಧ ಗಂಟೆಯಾದರೂ ಬರಲಿಲ್ಲ. ಅಷ್ಟರಲ್ಲಿ ಶುಲ್ಕದ ಅರ್ಥ ತಿಳಿದುಕೊಂಡ ಅವ್ವ, "ಎಪ್ಪತ್ತೆರಡು ವರ್ಷ ಅನುಭವಿಸಿದ್ದೇನೆ. ನನಗೆ ಎಷ್ಟು ಕೊಡುತ್ತಾರಂತೆ?" ಎಂದಳು. ಮನೆಯಲ್ಲಿ ಬಿಸಿ ಮುದ್ದೆ ಮಾಡಿಕೊಡುತ್ತೇನೆ ನಡೆ ಎಂದೂ ಸೇರಿಸಿದಳು. ಹಸಿದವನಿಗೆ ಎಲ್ಲಿಯ ಹೈಕೋರ್ಟ್? ಪೂರ್ತಿ ಹಣ ಕೊಟ್ಟು ಎದ್ದೆ.

ಬಾಗಿಲ ಬಳಿ ಅದೇ ಹುಡುಗ ಮೊಬೈಲ್ ಹಿಡಿದು ನಿಂತಿದ್ದ. "ಸರ್, ಐದು ಸ್ಟಾರ್ ಕೊಡಿ. ಕಡಿಮೆಯಾದರೆ ನಮ್ಮ ಸಂಬಳದಲ್ಲಿ ಹಿಡಿಯುತ್ತಾರೆ." ಅವ್ವ ನನ್ನ ಮುಖ ನೋಡಿದಳು. ಐದು ಒತ್ತಿದೆ. ಅವನು ಅಲ್ಲೇ ನಿಂತಿದ್ದನಾದ್ದರಿಂದ "ಹಳ್ಳಿಯ ರುಚಿ" ಎಂದು ಎರಡು ಪದವನ್ನೂ ಬರೆದೆ.

ಈ ಭಾನುವಾರ ಮಧ್ಯಾಹ್ನ ಬೆಂಗಳೂರಿನ ಭಾವಮೈದನ ಫೋನು.

"ಭಾವ, ಎಪ್ಪತ್ತೈದೇ ನಿಮಿಷಕ್ಕೆ ಮೈಸೂರು ಮುಟ್ಟಿದೆವು! ನೀವು ಐದು ಸ್ಟಾರ್ ಕೊಟ್ಟದ್ದನ್ನು ನೋಡಿ ನೇರ ಇಲ್ಲಿಗೇ ಬಂದಿದ್ದೇವೆ. ಮಕ್ಕಳಿಗೆ ಹಸಿವು. ಮುದ್ದೆ ಹೇಳಿ ಮುಕ್ಕಾಲು ಗಂಟೆಯಾಯಿತು, ಇನ್ನೂ ಬಂದಿಲ್ಲವಲ್ಲ?"

"ಬರುತ್ತದೆ" ಎಂದೆ. "ಅಲ್ಲಿಯವರೆಗೆ ಮಕ್ಕಳಿಗೆ ಗಾಡಿ ಚಕ್ರ ತೋರಿಸುತ್ತಿರು."