ಅವರೆ ಬಳ್ಳಿಗೆ ತಂಬಾಕಿನ ನೀರು ಬ್ಯಾಡ್ರಿ

ಕಲಬುರಗಿಯಲ್ಲಿ ಚಳಿ ಬಿತ್ತೆಂದರೆ ನಮ್ಮ ಮಾಳಿಗೆ ಮೇಲಿನ ಅವರೆ ಬಳ್ಳಿಗೆ ಗಿಡಹೇನು ಬಿತ್ತೆಂದೇ ಲೆಕ್ಕ. ಹೊಲದಲ್ಲಿ ಕುಸುಬಿಗೆ ಮುತ್ತುತ್ತವಲ್ಲ, ಹಾಗೇ. ಎಳೆ ಕುಡಿ, ಹೂವಿನ ತೊಟ್ಟು ಎಲ್ಲ ಕರ್ರಗೆ, ಮುಟ್ಟಿದರೆ ಬೆರಳಿಗೆ ಜಿಗಿಜಿಗಿ.

"ತಂಬಾಕು ಕುದಿಸಿ ಹೊಡೀರಿ, ಒಂದೇ ದಿನದಾಗ ಸಾಫ್" ಎಂದು ಯಾರೋ ಹೇಳಿದ್ದನ್ನು ಹೋದ ವರ್ಷ ನಾನೂ ನಂಬಿದೆ. ಓಣಿಯ ಕಾಕಾನ ಹತ್ತಿರ ಒಂದು ಮುಷ್ಟಿ ಇಸ್ಕೊಂಡು ಬಂದು ಕುದಿಯಲಿಟ್ಟೆ. "ಏನ್ ಕುದಸ್ಲತ್ತೀ ಯವ್ವಾ, ಮನಿ ತುಂಬ ಘಾಟ" ಅಂತ ಅವ್ವ ಬೈದಳು. ಆರಿದ ಮೇಲೆ ಬರಿಗೈಯಲ್ಲೇ ಹಿಂಡಿ, ಅರಿವೆಯಲ್ಲಿ ಸೋಸಿದೆ. ಅರ್ಧ ತಾಸಿನೊಳಗೆ ತಲೆ ಗಿರ್ರೆಂದಿತು, ತಣ್ಣನೆ ಬೆವರು, ಎರಡು ಸಲ ವಾಂತಿ. ಒಂದು ಹನಿಯೂ ಬಾಯಿಗೆ ಹೋಗಿರಲಿಲ್ಲ! ತಂಬಾಕಿನ ವಿಷ ನಿಕೋಟಿನ್ ಚರ್ಮದಿಂದಲೇ ಮೈಗಿಳಿಯುತ್ತದೆ. ಹಸಿ ತಂಬಾಕಿನ ಎಲೆ ಕೀಳುವ ಕೂಲಿಯವರಿಗೂ ಇದೇ ಸಂಕಟ.

ಹೇನು ಸಾಯುವುದು ನಿಜ. ಆದರೆ ಅದರ ನರ ಹಿಡಿಯುವ ವಿಷ ನಮ್ಮ ನರವನ್ನೂ ಹಿಡಿಯುತ್ತದೆ. ನಿಕೋಟಿನ್ ಸಲ್ಫೇಟ್ ಎಂಬ ಕೀಟನಾಶಕದ ಬಳಕೆಯನ್ನು ನಮ್ಮ ದೇಶದಲ್ಲಿ 1992ರಲ್ಲೇ ನಿಷೇಧಿಸಿದ್ದಾರೆ. ಅಳತೆ ಮಾಡಿ ಡಬ್ಬಿಗೆ ತುಂಬಿದ ಔಷಧಿಯನ್ನೇ ಬೇಡವೆಂದ ಮೇಲೆ, ನಮ್ಮ ಪಾತೇಲಿಯಲ್ಲಿ ಎಷ್ಟು ಇಳಿದಿದೆ ಎಂದು ಅಳೆಯುವವರು ಯಾರು? ಗಿಡ ಅದನ್ನು ಎಲೆಯೊಳಗೂ ಎಳೆದುಕೊಳ್ಳುತ್ತದೆ. ಪುಂಡಿ ಪಲ್ಯ, ಮೆಂತ್ಯ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

"ಎಲಿಯಿಂದ ಮಾಡಿದ್ದು, ಸಾವಯವ ಅಲ್ಲೇನ್ರಿ?" ಅನ್ನುತ್ತಾರೆ. ವಿಷದ ಮದಗುಣಕಿಯೂ (ದತ್ತೂರಿ) ಎಲೆಯೇ, ಯಾರಾದರೂ ಪಲ್ಯಕ್ಕೆ ಹಾಕುತ್ತೀರಾ?

ಇನ್ನೊಂದು ಮಾತು. ಟೊಮ್ಯಾಟೊ, ಮೆಣಸಿನಕಾಯಿ, ಬದನೆ ಎಲ್ಲ ತಂಬಾಕಿನ ಬಳಗದ ಗಿಡಗಳು. ಒಣ ತಂಬಾಕಿನಲ್ಲೂ ಸಾಯದೆ ಉಳಿಯುವ ಮೊಸಾಯಿಕ್ ವೈರಸ್ ಎಂಬ ಗಿಡದ ರೋಗಾಣು, ಕುದಿಸದೆ ಬರೀ ನೆನೆಸಿಟ್ಟ ನೀರಿನಿಂದ, ತಂಬಾಕು ತಿಕ್ಕಿದ ಕೈಯಿಂದ ಇವಕ್ಕೆ ಅಂಟಬಹುದು.

ಈ ಸಲ ನಾನು ಪೈಪ್ ಹಿಡಿದು ಎಲೆಯ ಕೆಳಗೆ ಜೋರಾಗಿ ನೀರು ಬಿಟ್ಟೆ, ಮೂರು ದಿನಕ್ಕೊಮ್ಮೆ. ಆಮೇಲೂ ಉಳಿದವಕ್ಕೆ ಬೇವಿನ ಬೀಜದ ತಿರುಳು: ಲೀಟರಿಗೆ 50 ಗ್ರಾಂ ಕುಟ್ಟಿ, ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಕದಡಿ ಸಂಜೆ ಹೊತ್ತು ಹೊಡೆದೆ. ತಂಬಾಕಿನ ಹಾಗೆ ಒಂದೇ ದಿನಕ್ಕೆ ಸಾಫ್ ಆಗಲಿಲ್ಲ, ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಗುಲಗಂಜಿ ಹುಳುವಿನ ಮರಿಗಳು ಬಂದವು. ಕರಿ ಮೈಗೆ ಕಿತ್ತಳೆ ಚುಕ್ಕಿ. ಒಂದು ಮರಿ ಹೇನನ್ನು ಹಿಡಿದು ರಸ ಹೀರಿ, ಸಿಪ್ಪೆ ಬಿಟ್ಟು ಮುಂದಿನದಕ್ಕೆ ಹೋಗುವುದನ್ನು ಕೂತು ನೋಡಿದೆ. ತಂಬಾಕು ಹೊಡೆದಿದ್ದರೆ ಇವೂ ಸಾಯುತ್ತಿದ್ದವು.

ನಿಮ್ಮ ಮನೆಯಲ್ಲಿ ಆ ತಂಬಾಕಿನ ನೀರು ಈಗಾಗಲೇ ಬಾಟಲಿಯಲ್ಲಿ ತುಂಬಿಟ್ಟಿದ್ದರೆ ಒಮ್ಮೆ ನೋಡಿ. ಥೇಟ್ ಕರಿ ಚಹಾದ ಬಣ್ಣ. ಮಕ್ಕಳಿರುವ ಮನೆ, ದಯವಿಟ್ಟು ಇವತ್ತೇ ಅಲ್ಲಿಂದ ತೆಗೀರಿ.